ಕುಂಬಳಕಾಯಿಯ ತರ್ಕ ಮತ್ತು ಹಾಸ್ಯಸಾಹಿತ್ಯದ ಪಂಕ್ತಿಭೇದ

ಕನ್ನಡ ಹಾಸ್ಯಸಾಹಿತ್ಯದ ಸಮೀಕ್ಷೆಗಳಲ್ಲಿ ಕೈಲಾಸಂ, ನಾ. ಕಸ್ತೂರಿ, ರಾಶಿ, ಬೀಚಿ ಎಂಬ ಸಾಲು ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವವರು ವಿರಳ. ಭೌತವಿಜ್ಞಾನಿ, ಗಾಂಧಿವಾದಿ, ಕುಲಪತಿ, ವಿಚಾರವಾದಿ ಎಂದು ಗೌರವಿಸಿದ ಮೇಲೆ ಸಾಹಿತ್ಯದ ಮಾತೇಕೆ ಎಂಬುದು ವಿದ್ವಾಂಸರ ಧೋರಣೆ. ‘ಹೋರಾಟದ ಹಾದಿ’ಯನ್ನು ಮಾಹಿತಿಗಾಗಿ ತೆರೆಯುವ ಸಂಶೋಧಕರು ಅದರ ಗದ್ಯದ ಮುಂದೆ ನಿಲ್ಲುವುದೇ ಇಲ್ಲ. ಅಭಿಮಾನಿಗಳ ಅಪಚಾರ ಇನ್ನೂ ದೊಡ್ಡದು: ಅವರು ವಾದವನ್ನು ಕಳಚಿಟ್ಟು ಚಟಾಕಿಯನ್ನಷ್ಟೇ ಹಂಚುತ್ತಾರೆ.

ಒಂದು ನಿದರ್ಶನ ಸಾಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಸತ್ಯಸಾಯಿಬಾಬಾ ಅವರು ಉಂಗುರದ ಬದಲು ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲು ಪ್ರಸಿದ್ಧ. ಇದನ್ನು ಕೇಳಿ ನಕ್ಕು ಮುಂದೆ ಹೋಗುವವರಿಗೆ ಅರ್ಧವೇ ದಕ್ಕೀತು. ಉಂಗುರ ಅಂಗೈಯಲ್ಲಿ ಅಡಗೀತು, ಕುಂಬಳಕಾಯಿ ಅಡಗದು; ಪ್ರಯೋಗಶಾಲೆಯ ಇಡೀ ಷರತ್ತು ಒಂದು ತರಕಾರಿಯಲ್ಲಿದೆ. ಅಷ್ಟೇ ಅಲ್ಲ, ಕನ್ನಡದ ಕಿವಿಗೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯೂ ಕೂಡಲೇ ನೆನಪಾಗುತ್ತದೆ. ಹಲಸೋ ಕಲ್ಲಂಗಡಿಯೋ ಆಗಿದ್ದರೆ ತರ್ಕ ಉಳಿಯುತ್ತಿತ್ತು, ಧ್ವನಿ ಹೋಗುತ್ತಿತ್ತು. ಆನಂದವರ್ಧನನನ್ನು ಓದಿದ ವಿಮರ್ಶಕರಿಗೆ ಇದನ್ನು ವಿವರಿಸಬೇಕಾಗಿ ಬಂದಿರುವುದೇ ಸೋಜಿಗ.

‘ಅನರ್ಥಕೋಶ’ದ ಕಸ್ತೂರಿಯವರು ಅದೇ ಸಾಯಿಬಾಬಾ ಅವರ ಜೀವನಚರಿತ್ರೆಕಾರರಾದರು. ಅದರಿಂದ ಹಾಸ್ಯಸಾಹಿತ್ಯದಲ್ಲಿ ಅವರ ಸ್ಥಾನ ಅಲುಗಲಿಲ್ಲ, ಅಲುಗಬೇಕಾಗಿಯೂ ಇರಲಿಲ್ಲ. ಶ್ರದ್ಧೆ ಹಾಸ್ಯಸಾಹಿತಿಯ ಅರ್ಹತೆಗೆ ಕುಂದಲ್ಲವಾದರೆ ಸಂಶಯವೇಕೆ ಕುಂದಾಗಬೇಕು?

ನರಸಿಂಹಯ್ಯನವರ ವಿನೋದ ಬಹುಪಾಲು ಆಡಿದ್ದು, ಬರೆದದ್ದಲ್ಲ ಎಂಬ ಆಕ್ಷೇಪವುಂಟು. ಕೈಲಾಸಂ ತಮ್ಮ ನಾಟಕಗಳನ್ನು ಹೇಳಿ ಬರೆಸುತ್ತಿದ್ದವರು; ಅವರ ಮಾತಿನ ಚಮತ್ಕಾರಗಳು ಇಂದಿಗೂ ಉಳಿದಿರುವುದು ಗೆಳೆಯರು ದಾಖಲಿಸಿದ್ದರಿಂದ. ಅಲ್ಲಿ ಒಪ್ಪಿದ ನ್ಯಾಯ ಇಲ್ಲಿ ಏಕಿಲ್ಲ? ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳದು ಕನ್ನಡ ತೆಲುಗುಗಳೆರಡರಲ್ಲೂ ಪಳಗಿದ ಮಾತಿನ ಸೀಮೆ. ಅಲ್ಲಿನ ವಿನೋದವನ್ನು ಅಳೆಯಲು ಪುಸ್ತಕದ ಪಟ್ಟಿ ಸಾಲದು.

ನರಸಿಂಹಯ್ಯನವರು ತೀರಿಕೊಂಡದ್ದು 2005ರಲ್ಲಿ. ಅವರ ಮಾತನ್ನು ಕಿವಿಯಾರೆ ಕೇಳಿದ ಶಿಷ್ಯರು, ಸಹೋದ್ಯೋಗಿಗಳು ವೃದ್ಧರಾಗುತ್ತಿದ್ದಾರೆ. ಯಾವ ಸಂದರ್ಭ, ಎದುರಿಗೆ ಯಾರು, ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದನ್ನು ಅವರಿಂದ ಬರೆದುಕೊಳ್ಳುವ ಕೆಲಸ ಗೌರಿಬಿದನೂರು, ಬಾಗೇಪಲ್ಲಿಗಳ ನ್ಯಾಷನಲ್ ಕಾಲೇಜುಗಳ ಕನ್ನಡ ತರಗತಿಗಳಲ್ಲಿಯೇ ಆರಂಭವಾಗಲಿ.