ಒರಟು ಅಕ್ಷರ ಚೆಂದವೇ, ಆದರೆ ಓದೋಕಾಗಬೇಕಲ್ಲ!

ಮಾವಿನ ಕಾಲ ಬಂತೆಂದರೆ ಶ್ರೀನಿವಾಸಪುರದ ಕಡೆ ಮನೆಮನೆಯಲ್ಲೂ ಉಪ್ಪು, ಖಾರ, ಸಾಸಿವೆಯ ಘಮ. ‘ಮನೆಯವರಿಗೆ ಮಾತ್ರ ಯಾಕೆ, ನಾಲ್ಕು ಬಾಟಲಿ ಮಾರಿದರೇನು?’ ಅಂತ ಹೊರಟ ಗೆಳತಿಯೊಬ್ಬಳು ನನಗಿದ್ದಾಳೆ. ಅವಳ ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ಸ್ವಸಹಾಯ ಸಂಘದಿಂದ ಸಾಲ ತೆಗೆದು, ಬಾಟಲಿ ತರಿಸಿ, ಐನೂರು ಲೇಬಲ್ ಮಾಡಿಸಿದಳು. ‘ಸ್ವಲ್ಪ ಹಳ್ಳಿ ಸೊಗಡು ಇರ್ಲಪ್ಪಾ’ ಅಂದಿದ್ದೇ ತಡ, ಡಿಟಿಪಿ ಅಂಗಡಿಯ ಹುಡುಗ ಗೆದ್ದಲು ತಿಂದ ಹಲಗೆಯಂಥ, ಅಂಚು ಹರಿದ ಅಕ್ಷರ ಹಾಕಿಕೊಟ್ಟ. ಕಂಪ್ಯೂಟರ್ ಪರದೆ ಮೇಲೆ ದೊಡ್ಡದಾಗಿ ನೋಡಿದಾಗ ಬಹಳ ಚೆಂದ ಕಂಡಿತ್ತಂತೆ!

ಕೋಲಾರದಲ್ಲಿ ಒಂದು ಮಾರಾಟ ಮೇಳ. ವಯಸ್ಸಾದ ಹೆಂಗಸೊಬ್ಬರು ಬಾಟಲಿ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ, ‘ಏನಮ್ಮಾ ಇದು, ಏನು ಬರ್ಸಿದೀಯಾ?’ ಅಂದರು. ‘ಉಪ್ಪಿನಕಾಯಿ ಅಜ್ಜೀ’ ಅಂದಳು ಇವಳು. ‘ಅದು ಕಾಣಿಸ್ತದೆ ಬಿಡು, ಯಾತರದ್ದು, ಯಾರು ಮಾಡಿದ್ದು?’ ಅಂತ ಕೇಳಿ ಪಕ್ಕದ ಮೇಜಿಗೆ ಹೋದರು. ಅದೂ ಹೋಗಲಿ. ಕೊಂಡು, ತಿಂದು, ಮೆಚ್ಚಿದವರಿಗೂ ಹೆಸರು ನೆನಪಿಲ್ಲ! ಮತ್ತೆ ಬೇಕೆಂದರೆ ಏನಂತ ಕೇಳಬೇಕು ಅವರು? ಐನೂರರಲ್ಲಿ ಮುನ್ನೂರಕ್ಕೂ ಹೆಚ್ಚು ಲೇಬಲ್ ಇನ್ನೂ ಅವಳ ಬೀರುವಿನಲ್ಲಿವೆ, ಸಂಘದ ಕಂತು ಮಾತ್ರ ತಪ್ಪದೆ ಬರುತ್ತಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಳ್ಳಿಯ ಸೊಗಡು ಪದಾರ್ಥದಲ್ಲಿರಲಿ, ಬಾಟಲಿಯ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿರಲಿ, ಕಾಗದದ ಬಣ್ಣದಲ್ಲಿರಲಿ. ಅಕ್ಷರ ಮಾತ್ರ ಗಟ್ಟಿಯಾಗಿ, ಸ್ಪಷ್ಟವಾಗಿ ಇರಲಿ.

ಕನ್ನಡಕ್ಕೆ ಹರಿದ ಅಂಚು ಒಗ್ಗೋದಿಲ್ಲ

ಇಂಗ್ಲಿಷಿನ ದಪ್ಪ ಅಕ್ಷರಗಳನ್ನು ಸ್ವಲ್ಪ ಕೆರೆದರೂ, ತೂತು ಮಾಡಿದರೂ ಓದಬಹುದು. ನಮ್ಮ ಕನ್ನಡ ಹಾಗಲ್ಲ ನೋಡಿ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಅಷ್ಟೆ. ವ ಮತ್ತು ಮ ಬೇರೆಯಾಗುವುದು ಬಲಗಡೆಯ ಒಂದು ಬಾಲದಿಂದ. ಹರಿದ ಅಂಚಿನ ಫಾಂಟ್‌ನಲ್ಲಿ ಇಲ್ಲದ ಕಡೆ ಸೀಳು ಕಾಣುತ್ತೆ, ಇರುವ ಕಡೆ ಮುಚ್ಚಿಹೋಗುತ್ತೆ. ‘ಧನಿಯಾ ಪುಡಿ’ ಹೋಗಿ ‘ದನಿಯಾ ಪುಡಿ’! ಇನ್ನು ಒತ್ತಕ್ಷರಗಳಂತೂ ಮೊದಲೇ ಚಿಕ್ಕವು, ಲೇಬಲ್‌ನಲ್ಲಿ ಮಸಿಯ ಚುಕ್ಕೆಯಂತಾಗುತ್ತವೆ.

ಹಾಗಾದರೆ ಹಳೆಯ ಅಕ್ಷರಗಳು ಒರಟಾಗಿರಲಿಲ್ಲವೇ ಅಂತ ಕೇಳಬಹುದು. ನಮ್ಮ ಸುತ್ತಲೇ ನೋಡಿ. ಮುಳಬಾಗಿಲು ತಾಲ್ಲೂಕಿನ ಆವನಿಯ ಬಂಡೆಗಳಿಂದ ಹಿಡಿದು ಕೋಲಾರಮ್ಮನ ಗುಡಿಯ ಗೋಡೆಗಳವರೆಗೆ ಶಾಸನಗಳಿವೆ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ನೂರಾರು ವರ್ಷ ಮಳೆ ಬಿಸಿಲಿಗೆ ಮೈಯೊಡ್ಡಿದ ಅಕ್ಷರಗಳನ್ನು ಓದಲು ಸಾಧ್ಯವಾದದ್ದು ಹೇಗೆ? ಕೆತ್ತಿದವನು ಗೆರೆಯನ್ನು ನೆಟ್ಟಗೆ, ಆಳವಾಗಿ ಕೆತ್ತಿದ್ದ. ಒರಟುತನ ತಂದದ್ದು ಕಲ್ಲು ಮತ್ತು ಕಾಲ.

ಮಾಲೂರಿನವರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ. ಹೆಂಚು, ಇಟ್ಟಿಗೆಯ ಊರು ಅದು. ಹಳೆ ಮನೆಯ ಹೆಂಚೊಂದನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಅವರ ಹಳೆಯ ಹೆಂಚುಗಳ ಮೇಲಿನ ಹೆಸರನ್ನು ಇವತ್ತಿಗೂ ಓದಬಹುದು. ಮಣ್ಣಿನಲ್ಲಿ ಒತ್ತಿ, ಬೆಂಕಿಯಲ್ಲಿ ಸುಟ್ಟರೂ ಉಳಿಯಬೇಕಾದ್ದರಿಂದ ಅಕ್ಷರ ದಪ್ಪ, ಸರಳ. ಅದೇ ನಿಜವಾದ ಹಳ್ಳಿ ಸೊಗಡು!

ಯಾವುದನ್ನು ಆರಿಸೋದು?

ದುಡ್ಡು ಕೊಡದೆ, ಕದಿಯದೆ ಸಿಗುವ ಒಳ್ಳೆಯ ಕನ್ನಡ ಫಾಂಟ್‌ಗಳು ಈಗ ಗೂಗಲ್ ಫಾಂಟ್ಸ್‌ನಲ್ಲಿವೆ. ಕೈಬರಹದ ಲವಲವಿಕೆ ಬೇಕೆಂದರೆ ‘ಅಕಾಯ ಕನಡಕ’ ನೋಡಿ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು. ದಪ್ಪಗೆ, ದುಂಡಗೆ ಬೇಕೆಂದರೆ ಏಕ್ ಟೈಪ್ ತಂಡದ ‘ಬಾಲೂ ತಮ್ಮ’ ಇದೆ. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಅರ್ಧ ವ್ಯಾಪಾರ ತೆಲುಗಿನಲ್ಲೇ ನಡೆಯುತ್ತೆ ಅಲ್ವಾ? ಅಕಾಯಕ್ಕೆ ತೆಲುಗಿನಲ್ಲೂ ಜೋಡಿ ಇದೆ. ‘ಬಾಲೂ ತಮ್ಮ’ನ ತೆಲುಗು ಜೋಡಿಯ ಹೆಸರು ‘ಬಾಲೂ ತಮ್ಮುಡು’! ಎರಡೂ ಭಾಷೆಯಲ್ಲಿ ಬರೆಸಿದರೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ.

ಇವನ್ನು ವ್ಯಾಪಾರಕ್ಕೆ ಬಳಸಲು ಅನುಮತಿ ಇದೆ. ಆದರೆ ಬೇರೆ ಕಡೆಯಿಂದ ಇಳಿಸಿಕೊಂಡ ಫಾಂಟ್‌ಗಳಲ್ಲಿ ‘ಸ್ವಂತ ಬಳಕೆಗೆ ಮಾತ್ರ’ ಅಂತ ಷರತ್ತು ಇರುವುದುಂಟು, ಓದಿ ನೋಡಿ. ನಮ್ಮ ಉಪ್ಪಿನಕಾಯಿಗೆ ನಾವು ಬೆಲೆ ಕೇಳುವಾಗ, ಅಕ್ಷರ ಬರೆದವರ ದುಡಿಮೆಗೂ ಬೆಲೆ ಇದೆ ತಾನೇ?

ಅಲಂಕಾರದ ಅಕ್ಷರ ಹೆಸರಿಗೆ ಮಾತ್ರ ಸಾಕು. ತೂಕ, ಬೆಲೆ, ತಯಾರಿಸಿದ ದಿನಾಂಕ, ಆಹಾರ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ಇವೆಲ್ಲ ನೋಟೋ ಸಾನ್ಸ್‌ನಂಥ ಸಾದಾ ಅಕ್ಷರದಲ್ಲಿರಲಿ. ಕಾನೂನಿನ ಪ್ರಕಾರ ಕೊಡಲೇಬೇಕಾದ ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಜೊತೆಗೆ ಕನ್ನಡವನ್ನೂ ಹಾಕಿ. ಅಂಗಡಿ ಬೋರ್ಡ್ ಬರೆಸುವವರು ಇನ್ನೊಂದು ನೆನಪಿಡಿ: 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು.

ಪ್ರೆಸ್‌ಗೆ ಕೊಡೋ ಮುಂಚೆ

ಐನೂರು ಮಾಡಿಸುವ ಮುಂಚೆ ಒಂದೇ ಒಂದು ಪ್ರತಿ ತೆಗೆಸಿ. ಬಾಟಲಿಗೆ ಅಂಟಿಸಿ, ಅಡುಗೆಮನೆಯ ಶೆಲ್ಫಿನಲ್ಲಿಟ್ಟು, ನಾಲ್ಕು ಹೆಜ್ಜೆ ದೂರದಿಂದ ಅತ್ತೆಯವರ ಕೈಲಿ ಕನ್ನಡಕ ಇಲ್ಲದೆ ಓದಿಸಿ. ಅವರು ತಡವರಿಸಿದರೆ ಫಾಂಟ್ ಬದಲಿಸಿ, ಅತ್ತೆಯನ್ನಲ್ಲ! ‘ಲಕ್ಷ್ಮಿ’, ‘ಶ್ರೀ’, ‘ಜ್ಞಾನ’ ಅಂತ ಟೈಪ್ ಮಾಡಿಸಿ ಒತ್ತುಗಳು ಸರಿಯಾಗಿ ಕೂರುತ್ತವಾ ನೋಡಿ. ಫೈಲ್ ಪ್ರೆಸ್‌ಗೆ ಕೊಡುವಾಗ ಅಕ್ಷರಗಳನ್ನು ‘ಕರ್ವ್ಸ್’ಗೆ ಬದಲಿಸಿ ಪಿಡಿಎಫ್ ಮಾಡಲು ಹೇಳಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರು ಬೇರೇನೋ ಆಗಿಬಿಡಬಹುದು.

ಫಾಂಟೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ. ದಿನಾ ಬೆಳಿಗ್ಗೆ ಬಾಗಿಲಲ್ಲಿ ರಂಗೋಲಿ ಎಳೆಯುವ ಕೈ ನಿಮ್ಮದು. ಬಿಳಿ ಹಾಳೆಯ ಮೇಲೆ ದಪ್ಪ ಕುಂಚ, ಕಪ್ಪು ಬಣ್ಣ ತೆಗೆದುಕೊಂಡು ಹೆಸರನ್ನು ಹತ್ತು ಸಲ ಬರೆಯಿರಿ. ಚೆನ್ನಾಗಿ ಬಂದ ಒಂದನ್ನು ಫೋಟೋ ತೆಗೆದು ಡಿಟಿಪಿಯವರಿಗೆ ಕೊಟ್ಟರೆ ಅದನ್ನೇ ತಿದ್ದಿ ಲೇಬಲ್‌ಗೆ ಕೂರಿಸುತ್ತಾರೆ. ನನ್ನ ಗೆಳತಿ ಕೊನೆಗೆ ಮಾಡಿದ್ದೂ ಇದನ್ನೇ. ಅವಳ ಅಮ್ಮ ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಮಾತ್ರ ಗುಂಡುಗುಂಡಗೆ. ಅವರ ಕೈಯಲ್ಲೇ ಬರೆಸಿದಳು. ಈ ಸಲ ಐವತ್ತೇ ಲೇಬಲ್ ಮಾಡಿಸಿದ್ದಾಳೆ. ಮೊನ್ನೆ ಫೋನ್ ಮಾಡಿದವರೊಬ್ಬರು ಬಾಟಲಿಯ ಹೆಸರು ಹಿಡಿದೇ ಕೇಳಿದರಂತೆ. ಅದನ್ನು ಹೇಳುವಾಗ ಅವಳ ದನಿ ಕೇಳಬೇಕಿತ್ತು ನೀವು!