ಆ ಮಾತು ಯಾರದು?

"ನಿನ್ನ ಕೈಲಿ ಏನಾಗುತ್ತೆ? ದಂಡಪಿಂಡ!"

ಮದುವೆಯಾದ ಮೂರನೇ ತಿಂಗಳು ಈ ಮಾತನ್ನು ಮೊದಲ ಸಲ ಕೇಳಿದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂಬುದು ನೆಪ. ಒಪ್ಪಿಕೊಂಡಿದ್ದ ಸ್ಕೂಟರು ಬಂದಿರಲಿಲ್ಲ ಎಂಬುದು ನಿಜವಾದ ಕಾರಣ. ಆರು ವರ್ಷ ಅದನ್ನೇ ಕೇಳಿದೆ. ಕೊನೆಗೊಂದು ದಿನ ಮಗಳನ್ನು ಎತ್ತಿಕೊಂಡು ಬೀರೂರಿನ ತವರಿಗೆ ಬಂದುಬಿಟ್ಟೆ. ಜಂಕ್ಷನ್ನಿನಲ್ಲಿ ರೈಲು ಇಳಿದಾಗ, ಸದ್ಯ, ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಗಂಡನೂ ಅತ್ತೆಯೂ ಅಲ್ಲೇ ಉಳಿದರು. ಅವರ ಮಾತು ಮಾತ್ರ ನನ್ನ ಜೊತೆ ಬಂದಿತ್ತು. ಅಡಿಕೆ ಸುಲಿಯಲು ಕೂತರೆ "ಎಲ್ಲರಿಗಿಂತ ನೀನೇ ಹಿಂದೆ" ಅನ್ನುತ್ತಿತ್ತು. ಸಂಘದ ಲೆಕ್ಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ "ಎಲ್ಲರೂ ನಿನ್ನನ್ನು ಕಳ್ಳಿ ಅಂತಾರೆ" ಅನ್ನುತ್ತಿತ್ತು. ಮಗಳಿಗೆ ಜ್ವರ ಬಂದರೆ "ನೀನೂ ಒಬ್ಬ ತಾಯೇನೇ?" ಅನ್ನುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ. ಈಗ ಬೈಯುತ್ತಿದ್ದವಳು ಅತ್ತೆಯಲ್ಲ, ನಾನೇ.

ಸಲಹೆಗಳಿಗೇನೂ ಕೊರತೆ ಇರಲಿಲ್ಲ. "ದೇವರ ಮೇಲೆ ಭಾರ ಹಾಕು." "ಗಾಳಿ ಸೋಕಿದೆ, ತಾಯತ ಕಟ್ಟಿಸು." "ಮನಸ್ಸು ಗಟ್ಟಿ ಮಾಡ್ಕೊಳ್ಳೇ." ಕಾಲು ಮುರಿದವಳಿಗೆ ಕಾಲು ಗಟ್ಟಿ ಮಾಡ್ಕೋ ಎಂದು ಯಾರಾದರೂ ಹೇಳುತ್ತಾರೆಯೇ?

ಸೋದರಿಯರೇ, ಹೊಡೆತದ ಬಾಸುಂಡೆಯನ್ನು ಠಾಣೆಯಲ್ಲಿ ತೋರಿಸಬಹುದು. ಮಾತಿನ ಬಾಸುಂಡೆಯನ್ನು ತೋರಿಸುವುದೆಲ್ಲಿ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬೈಗುಳ, ಹಂಗಿಸುವಿಕೆ, ಅವಮಾನಗಳನ್ನೂ ಹಿಂಸೆ ಎಂದೇ ಕರೆದಿದೆ. ಆದರೂ ನಮ್ಮ ಮನೆಗಳಲ್ಲಿ "ಬರೀ ಬಾಯಿಮಾತು, ಹೊಡೆದಿಲ್ಲವಲ್ಲ" ಎಂಬ ತೀರ್ಪು ನಡೆಯುತ್ತಲೇ ಇದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಹೆಂಗಸರ ಅಸಹಜ ಸಾವುಗಳ ಬೆನ್ನು ಹತ್ತಿದಾಗ ಕಡತಗಳಲ್ಲಿ ಕಂಡದ್ದೇನು? ಸ್ಟೌ ಸಿಡಿದು ಸತ್ತಳು, ಹೊಟ್ಟೆನೋವು ತಾಳಲಾರದೆ ಸತ್ತಳು. ಆ ಹೊಟ್ಟೆನೋವಿನ ಒಳಗೆ ಎಷ್ಟು ವರ್ಷದ ಮಾತುಗಳಿದ್ದವೋ, ಯಾರೂ ಬರೆದುಕೊಳ್ಳಲಿಲ್ಲ.

ನಾನು ಆಸ್ಪತ್ರೆಗೆ ಹೋಗಲು ಒಂದು ವರ್ಷ ಹಿಂಜರಿದೆ. ಗುಳಿಗೆ ನುಂಗಿದರೆ ಹುಚ್ಚಿ ಎಂಬ ಹಣೆಪಟ್ಟಿ, ಮಗಳನ್ನೂ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ. ಈ ಹೆದರಿಕೆಯನ್ನು ಬಿತ್ತಿದವರೂ ಅವರೇ. ಇದನ್ನು ತಿಳಿದಿರಿ: ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರು ಎಂದು ಎಣಿಸುವಂತಿಲ್ಲ, ಅದನ್ನು ನ್ಯಾಯಾಲಯವೇ ಹೇಳಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಡಾಕ್ಟರು ಇದು ಖಿನ್ನತೆ, ಜೊತೆಗೆ ಆತಂಕ ಎಂದರು. ಎರಡು ವಾರ ಮೀರಿ ನಿದ್ದೆ, ಊಟ, ಆಸಕ್ತಿ ಎಲ್ಲ ಕೆಟ್ಟರೆ ಅದು ಸೋಮಾರಿತನವಲ್ಲ, ಕಾಯಿಲೆ. ಗುಳಿಗೆ ಕೆಲಸ ಶುರುಮಾಡಲು ಕೆಲವು ವಾರ ಬೇಕು, ನಾವಾಗಿಯೇ ನಿಲ್ಲಿಸಬಾರದು. ಆಪ್ತಸಲಹೆಗಾರ್ತಿ ಒಂದು ಅಭ್ಯಾಸ ಹೇಳಿಕೊಟ್ಟರು. ಸಂಘದ ಲೆಕ್ಕ ಬರೆಯುವ ನಾನು ಹಳೇ ಪುಸ್ತಕದಲ್ಲೇ ಮೂರು ಕಲಂ ಎಳೆದೆ. ಮೊದಲನೆಯದರಲ್ಲಿ ಮನಸ್ಸು ಅಂದದ್ದು: "ನೀನು ಕಳ್ಳಿ." ಎರಡನೆಯದರಲ್ಲಿ ನಡೆದದ್ದು: ಹತ್ತು ರೂಪಾಯಿ ಎರಡು ಸಲ ಬರೆದಿದ್ದೆ, ತಿದ್ದಿದೆ. ಮೂರನೆಯದರಲ್ಲಿ, ಇದೇ ತಪ್ಪನ್ನು ಪಕ್ಕದ ಅಕ್ಕ ಮಾಡಿದ್ದರೆ ನಾನು ಅವಳಿಗೆ ಹೇಳುತ್ತಿದ್ದುದು: "ಹೋಗ್ಲಿ ಬಿಡಕ್ಕ, ಆಗುತ್ತೆ."

ತಿಂಗಳುಗಟ್ಟಲೆ ಬರೆದ ಮೇಲೆ ಒಂದು ತಿಳಿಯಿತು. ಮೊದಲ ಕಲಮಿನ ಮಾತುಗಳಲ್ಲಿ ಒಂದೂ ನನ್ನದಲ್ಲ. ಪದಕ್ಕೆ ಪದ ಅದೇ ಮನೆಯವು. ಆ ದನಿ ಇಂದಿಗೂ ಪೂರ್ತಿ ನಿಂತಿಲ್ಲ. ಆದರೆ ಬಂದಾಗ ಯಾರದ್ದೆಂದು ಗುರುತು ಹಿಡಿಯುತ್ತೇನೆ, ಅದು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಿಲ್ಲ.

ಹಾಗೆಂದು ಗುಳಿಗೆ ಕೊಟ್ಟು, ಸಮಾಧಾನ ಹೇಳಿ, ಅದೇ ಹೊಡೆಯುವ ಮನೆಗೆ ವಾಪಸು ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಹಿಂಸೆ ನಡೆಯುತ್ತಿರುವಾಗ ಹೆಂಗಸಿನ ಮನಸ್ಸನ್ನಷ್ಟೇ ರಿಪೇರಿ ಮಾಡುವುದು ಮೋಸ. ದೂರೂ ಬೇಕು, ಔಷಧಿಯೂ ಬೇಕು.

ನಮ್ಮ ಸಂಘಗಳಿಗೂ ಒಂದು ಮಾತಿದೆ. ಕಂತು ಕಟ್ಟಿದೆಯಾ ಎಂದು ವಾರವಾರ ಕೇಳುತ್ತೇವೆ. ನಿದ್ದೆ ಬಂತಾ ಎಂದು ಎಂದಾದರೂ ಕೇಳಿದ್ದೇವೆಯೇ? ಸಭೆಗೆ ಎರಡು ವಾರ ಬಾರದವಳಿಗೆ ದಂಡ ಹಾಕುವ ಮೊದಲು ಅವಳ ಮನೆ ಬಾಗಿಲು ತಟ್ಟೋಣ. ಸತ್ತುಹೋಗಬೇಕು ಎಂಬ ಮಾತು ಅವಳ ಬಾಯಲ್ಲಿ ಬಂದರೆ ಒಬ್ಬಳನ್ನೇ ಬಿಡದೆ ಜೊತೆಗಿರೋಣ, ಆಸ್ಪತ್ರೆಗೆ ಕರೆದೊಯ್ಯೋಣ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಹಿಂಸೆಯ ದೂರಿಗೆ ಮಹಿಳಾ ಸಹಾಯವಾಣಿ 181 ಇದೆ. ಈ ಎರಡು ನಂಬರನ್ನೂ ಉಳಿತಾಯದ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಸ್ಕೂಟರಿಗಾಗಿ ಅವರು ನನ್ನ ತಲೆಯಲ್ಲಿ ಬಿತ್ತಿದ ಮಾತನ್ನು ನಾನೀಗ ಕೀಳುತ್ತಿದ್ದೇನೆ. ಒಬ್ಬಳಿಂದಾಗುವ ಕೆಲಸವಲ್ಲ ಇದು. ಮುಂದಿನ ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಕೂರೋಣ. ಯಾರ ತಲೆಯಲ್ಲಿ ಯಾರ ಮಾತಿದೆ, ಬಾಯಿಬಿಟ್ಟು ಹೇಳೋಣ.