‘ಮ್ಯಾನೇಜರ್’ ಎಂಬ ಹೆಸರಿಗೆ ಸಂಬಳ ಎಷ್ಟು?

ಮದುವೆ ಮಾತುಕತೆಯಲ್ಲಿ ಈಗ ಆಗಾಗ ಕೇಳಿಬರುವ ಹುದ್ದೆ ‘ಲಾಜಿಸ್ಟಿಕ್ಸ್ ಮ್ಯಾನೇಜರ್’. ದುಬೈ, ದಮ್ಮಾಮ್, ಬೆಂಗಳೂರಿನ ನೆಲಮಂಗಲ, ಇಲ್ಲೇ ಬೈಕಂಪಾಡಿ ಎಲ್ಲ ಕಡೆಯೂ ಈ ಹೆಸರಿನ ನಮ್ಮ ಹುಡುಗರಿದ್ದಾರೆ. ಸಾಗಾಟದ ಕೆಲಸ ಬ್ಯಾರಿಗಳಿಗೆ ಹೊಸತೇನಲ್ಲ. ಬಂದರ್ ದಕ್ಕೆಯಿಂದ ಮೀನು, ಮಿಲ್ಲಿನಿಂದ ಮರ, ಮಂಡಿಯಿಂದ ಅಡಿಕೆ ಅಂತ ಲಾರಿ ಕಟ್ಟಿಕೊಂಡೇ ಬೆಳೆದ ಮನೆಗಳು ಎಷ್ಟೋ ಇವೆ. ಹೊಸತು ಏನೆಂದರೆ ಈ ಕೆಲಸಕ್ಕೆ ಬಂದಿರುವ ಡಿಪ್ಲೊಮಾಗಳು, ಅದಕ್ಕೆ ಮನೆಯವರು ಕಟ್ಟುವ ಫೀಸು, ಮತ್ತು ‘ಕೋರ್ಸ್ ಮುಗಿದ ಕೂಡಲೇ ಇಷ್ಟು ಸಂಬಳ’ ಎಂಬ ಜಾಹೀರಾತಿನ ಮಾತು. ಹಾಗಾಗಿ ಈ ಹುದ್ದೆಯ ಸಂಬಳ ನಿಜವಾಗಿ ಯಾವುದರ ಮೇಲೆ ನಿಂತಿದೆ ಎಂದು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ಲೆಕ್ಕ. ಅಲ್ಲಿನ ಸರಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ ಸಾಗಾಟ, ದಾಸ್ತಾನು ಮತ್ತು ವಿತರಣೆ ಮ್ಯಾನೇಜರ್‌ಗಳ ಮಧ್ಯಮ ವೇತನ 2023ರಲ್ಲಿ ವರ್ಷಕ್ಕೆ ಸುಮಾರು 99 ಸಾವಿರ ಡಾಲರ್. ಅದನ್ನು ರೂಪಾಯಿಗೆ ಗುಣಿಸಿ ಖುಷಿ ಪಡುವವರಿಗೆ ಒಂದು ಮಾತು: ಅಲ್ಲಿ ಚಾಲಕ 14 ಗಂಟೆಯ ಪಾಳಿಯಲ್ಲಿ 11 ಗಂಟೆಗಿಂತ ಹೆಚ್ಚು ಲಾರಿ ಓಡಿಸುವಂತಿಲ್ಲ, ಅದನ್ನು ದಾಖಲಿಸುವ ಯಂತ್ರ ಲಾರಿಯಲ್ಲೇ ಇರುತ್ತದೆ. ಕಾನೂನು ತಪ್ಪದಂತೆ ಲೋಡ್ ಕಳಿಸುವ ತಲೆನೋವಿಗೂ ಆ ಸಂಬಳದಲ್ಲಿ ಪಾಲಿದೆ. ನಮ್ಮಲ್ಲಿ ಅದೇ ಹೆಸರಿನ ಮನುಷ್ಯ ಬುಕಿಂಗ್ ಆಫೀಸಿನಲ್ಲಿ ಕೂತು ಡ್ರೈವರ್‌ಗಳಿಗೆ ಫೋನ್ ಮಾಡುತ್ತಾ, ಬತ್ತಾ ಕೊಡುತ್ತಾ, ಎಲ್‌ಆರ್ ಬರೆಯುತ್ತಾ ಇರಬಹುದು. ಹೆಸರು ಒಂದೇ, ಕೆಲಸ ಬೇರೆ.

ಇಲ್ಲೇ ಮೊದಲ ಎಚ್ಚರಿಕೆ ಇದೆ. ಎಷ್ಟೋ ಕಂಪೆನಿಗಳು ಸಂಬಳ ಏರಿಸುವ ಬದಲು ಹೆಸರು ಏರಿಸುತ್ತವೆ. ನಿನ್ನೆಯವರೆಗೆ ಸೂಪರ್‌ವೈಸರ್ ಆಗಿದ್ದ ಹುಡುಗ ಇಂದು ಅಸಿಸ್ಟೆಂಟ್ ಮ್ಯಾನೇಜರ್. ವಿಸಿಟಿಂಗ್ ಕಾರ್ಡ್ ಬರುತ್ತದೆ, ಓವರ್‌ಟೈಮ್ ಹೋಗುತ್ತದೆ. ನಮ್ಮ ದೇಶದ ಕೈಗಾರಿಕಾ ಕಾನೂನು ಆಡಳಿತ ನಡೆಸುವ ಹುದ್ದೆಯವರನ್ನು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಹಾಗೆಯೇ. ಕೋರ್ಟುಗಳು ಮಾತ್ರ ಕಾರ್ಡಿನಲ್ಲಿರುವ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸ ಯಾವುದು ಎಂದೇ ನೋಡುತ್ತವೆ. ಆದರೆ ಅಷ್ಟು ದೂರ ಹೋಗುವವರು ಯಾರು ಮಾರಾಯ್ರೇ? ಆಳು ನೇಮಿಸುವ, ರಜೆ ಕೊಡುವ, ಖರ್ಚಿಗೆ ಸಹಿ ಹಾಕುವ ಅಧಿಕಾರ ಇಲ್ಲದ ‘ಮ್ಯಾನೇಜರ್’ಗೆ ಆ ಹೆಸರಿನಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹಾಗಾದರೆ ಸಂಬಳ ಏರುವುದು ಯಾವಾಗ? ನಮ್ಮ ಲೆಕ್ಕದಲ್ಲಿ, ತಪ್ಪಿದರೆ ಕಂಪೆನಿಗೆ ಎಷ್ಟು ಪೆಟ್ಟು ಎಂಬುದರ ಮೇಲೆ. ಸಿಮೆಂಟ್ ಲಾರಿ ಎರಡು ದಿನ ತಡವಾದರೆ ಫೋನಿನಲ್ಲಿ ಬೈಗುಳ ಬರುತ್ತದೆ, ಅಷ್ಟೆ. ಮೀನಿನ ಲಾರಿಯಲ್ಲಿ ಐಸು ಕರಗಿದರೆ ಇಡೀ ಲೋಡ್ ಚೆಲ್ಲಬೇಕು. ಔಷಧದ ಕಂಟೈನರಿನ ಉಷ್ಣತೆ ದಾಖಲೆಯಲ್ಲಿ ಏರುಪೇರಾಗಿದ್ದರೆ ಮಾಲು ಚೆನ್ನಾಗಿದ್ದರೂ ಖರೀದಿದಾರ ವಾಪಸ್ ಕಳಿಸಬಹುದು. ಎಲ್‌ಪಿಜಿ, ರಾಸಾಯನಿಕ ಸಾಗಿಸುವ ಕಡೆ ತಪ್ಪಿನ ಬೆಲೆ ಜೀವ. ಸಮುದ್ರ ಮಾರ್ಗದ ಅಪಾಯಕಾರಿ ಸರಕಿಗೆ ಅಂತಾರಾಷ್ಟ್ರೀಯ ಸಂಹಿತೆ ಇದೆ, ವಿಮಾನಕ್ಕೆ ಬೇರೆಯೇ ನಿಯಮ. ಇವುಗಳ ಪ್ರಮಾಣಪತ್ರ ಇರುವವರು ಕಡಿಮೆ, ಹಾಗಾಗಿ ಅವರಿಗೆ ಕೇಳುವ ಧೈರ್ಯ ಇರುತ್ತದೆ. ಎಂಆರ್‌ಪಿಎಲ್ ಮತ್ತು ಪಣಂಬೂರು ಬಂದರು ಪಕ್ಕದಲ್ಲೇ ಇಟ್ಟುಕೊಂಡ ನಮ್ಮ ಊರಿನ ಮಕ್ಕಳಿಗೆ ಈ ಕಡೆ ಗಮನ ಕಡಿಮೆ ಎಂಬುದು ಬೇಸರದ ವಿಷಯ. ‘ಸಾಮಾನ್ಯ ಲಾಜಿಸ್ಟಿಕ್ಸ್’ ಕೋರ್ಸಿಗೆ ಕೊಡುವ ಹಣದಲ್ಲಿ ಇಂತಹ ಒಂದು ತರಬೇತಿ ಎಷ್ಟೋ ಸಲ ಮುಗಿಯುತ್ತದೆ.

ಎರಡನೆಯದು ತೆರಿಗೆ ತಂದ ಬದಲಾವಣೆ. 2017ರ ಜುಲೈ 1ರ ಮೊದಲು ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಶೇ. 2ರ ಕೇಂದ್ರ ಮಾರಾಟ ತೆರಿಗೆ ಇತ್ತು. ಅದನ್ನು ಉಳಿಸಲು ದೊಡ್ಡ ಕಂಪೆನಿಗಳು ಪ್ರತಿ ರಾಜ್ಯದಲ್ಲೂ ಒಂದೊಂದು ಡಿಪೋ ಇಟ್ಟುಕೊಂಡಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಅಗತ್ಯ ಹೋಯಿತು. ಸಣ್ಣ ಡಿಪೋಗಳು ಮುಚ್ಚಿ, ನೆಲಮಂಗಲ, ಹೊಸಕೋಟೆ, ಮುಂಬೈ ಪಕ್ಕದ ಭಿವಂಡಿಯಂತಹ ಕಡೆ ದೊಡ್ಡ ಗೋದಾಮುಗಳು ಎದ್ದವು. ಹತ್ತು ಸಣ್ಣ ಮ್ಯಾನೇಜರ್‌ಗಳ ಜಾಗಕ್ಕೆ ಒಬ್ಬ ದೊಡ್ಡ ಮ್ಯಾನೇಜರ್ ಬಂದ. ಅವನ ಸಂಬಳ ಏರಿತು, ಉಳಿದವರ ಕುರ್ಚಿ ಹೋಯಿತು. ಮರುವರ್ಷ ಎಪ್ರಿಲ್‌ನಲ್ಲಿ ಇ-ವೇ ಬಿಲ್ ಬಂತು. ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಮೊದಲು ಜಾರಿ ಮಾಡಿದ್ದು ನಮ್ಮ ಕರ್ನಾಟಕವೇ. 50 ಸಾವಿರ ರೂಪಾಯಿ ಮೀರಿದ ಮಾಲಿಗೆ ಬಿಲ್ ಬೇಕು, 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ. ಲಾರಿ ಹಾಳಾಗಿ ಬೇರೆ ಲಾರಿಗೆ ಮಾಲು ಹಾಕಿದರೆ ನಂಬರ್ ಬದಲಿಸಬೇಕು. ಮರೆತು ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ರಾತ್ರಿ ಒಂದು ಗಂಟೆಗೆ ಇದನ್ನು ಸರಿಮಾಡಬಲ್ಲ ಬಿಕಾಂ ಹುಡುಗ, ಅಥವಾ ಹುಡುಗಿ, ಈಗ ಮಾಲೀಕನಿಗೆ ಡ್ರೈವರಿನಷ್ಟೇ ಬೇಕಾದವರು. ಫಾರ್ವರ್ಡಿಂಗ್ ಆಫೀಸುಗಳಲ್ಲಿ ಡಾಕ್ಯುಮೆಂಟೇಶನ್ ಕೆಲಸಕ್ಕೆ ಸೇರಿದ ನಮ್ಮ ಹೆಣ್ಣುಮಕ್ಕಳು ಮೇಲೇರುವ ದಾರಿ ಇದೇ, ಮನೆಯವರು ಮೂರು ವರ್ಷಕ್ಕೆ ಬಿಡಿಸದಿದ್ದರೆ.

ಮಂಗಳೂರಿನಲ್ಲಿ ಸಂಬಳ ಯಾಕೆ ಬೆಂಗಳೂರಿನಷ್ಟಿಲ್ಲ ಎಂಬುದಕ್ಕೆ ಘಾಟಿಯೂ ಒಂದು ಉತ್ತರ. 2018ರ ಆಗಸ್ಟ್‌ನಲ್ಲಿ ಶಿರಾಡಿ ಕುಸಿಯಿತು, ಸಂಪಾಜೆ ಕಡೆಯ ರಸ್ತೆಯೂ ಹೋಯಿತು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಮತ್ತೆ ಗುಡ್ಡ ಜರಿಯಿತು. ಚಾರ್ಮಾಡಿಯಲ್ಲಿ ಭಾರೀ ಲಾರಿಗಳಿಗೆ ನಿರ್ಬಂಧ. ಪ್ರತಿ ಮಳೆಗಾಲದಲ್ಲೂ ಸುತ್ತು ದಾರಿ, ಹೆಚ್ಚು ಡೀಸೆಲ್, ಬಂದರಿನಲ್ಲಿ ಡೆಮರೇಜ್. ಮೇಲಿಂದ ಕಾಫಿ ತಂದ ಲಾರಿಗೆ ವಾಪಸ್ ಹೋಗಲು ಲೋಡ್ ಸಿಗದಿದ್ದರೆ ಬಾಡಿಗೆಯಲ್ಲಿ ಏನೂ ಉಳಿಯುವುದಿಲ್ಲ. ಲಾರಿ ದುಡಿಯದ ಕಡೆ ಮ್ಯಾನೇಜರ್‌ಗೆ ಎಲ್ಲಿಂದ ಕೊಡುವುದು ಎಂದು ಮಾಲೀಕರು ಕೇಳುತ್ತಾರೆ. ಮಾತಿನಲ್ಲಿ ಅರ್ಧ ಸತ್ಯ ಇದೆ. ರಿಟರ್ನ್ ಲೋಡ್ ಹಿಡಿಯಬಲ್ಲ ಮನುಷ್ಯನಿಗೆ ಉಳಿತಾಯದಲ್ಲಿ ಪಾಲು ಕೊಟ್ಟರೆ ಅವನು ಹಿಡಿಯುತ್ತಾನೆ. ಹೆಚ್ಚಿನ ಮನೆತನದ ಸಂಸ್ಥೆಗಳಲ್ಲಿ ಅಂತಹ ಲೆಕ್ಕವೇ ಇಲ್ಲ.

ಇನ್ನು ಗಲ್ಫ್. ಅಲ್ಲಿ ಸಂಬಳ ಏರಿದೆಯೇ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. 2014ರಲ್ಲಿ ಒಂದು ದಿರ್ಹಮ್‌ಗೆ 16-17 ರೂಪಾಯಿ ಇತ್ತು, 2024ರ ಕೊನೆಗೆ ಹತ್ತಿರಹತ್ತಿರ 23. ಅದೇ 6,000 ದಿರ್ಹಮ್ ಅಂದು ಸುಮಾರು ಒಂದು ಲಕ್ಷ, ಹತ್ತು ವರ್ಷದ ಮೇಲೆ 1.38 ಲಕ್ಷ. ಏರಿದ್ದು ಸಂಬಳ ಅಲ್ಲ, ಬಿದ್ದದ್ದು ರೂಪಾಯಿ. ಅಲ್ಲಿಯ ಬಾಡಿಗೆ, ಶಾಲೆ ಫೀಸು ದಿರ್ಹಮಿನಲ್ಲೇ ಕಟ್ಟಬೇಕು.

ಆಫರ್ ಲೆಟರಿನಲ್ಲಿ ಒಟ್ಟು ಮೊತ್ತ ನೋಡಿ ವಿಮಾನ ಹತ್ತುವ ಹುಡುಗರು ‘ಬೇಸಿಕ್’ ಎಷ್ಟು ಎಂದು ನೋಡುವುದು ಅಪರೂಪ. ಯುಎಇಯಲ್ಲಿ ಗ್ರಾಚುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. ಇಬ್ಬರಿಗೂ ಒಟ್ಟು 6,000 ದಿರ್ಹಮ್ ಎಂದುಕೊಳ್ಳಿ. ಒಬ್ಬನ ಬೇಸಿಕ್ 1,800, ಇನ್ನೊಬ್ಬನದು 3,600. ಐದು ವರ್ಷ ಮುಗಿಸಿ ಬರುವಾಗ ಮೊದಲನೆಯವನಿಗೆ 6,300, ಎರಡನೆಯವನಿಗೆ 12,600. ಕೆಲಸ ಬಿಡುವಾಗ ಉಳಿದ ರಜೆಯ ಹಣವೂ ಬೇಸಿಕ್ ಮೇಲೆಯೇ. ಸೌದಿಯಲ್ಲಿ ಲೆಕ್ಕ ಬೇರೆ: ಮೊದಲ ಐದು ವರ್ಷಕ್ಕೆ ಅರ್ಧ ತಿಂಗಳಂತೆ, ನಂತರ ಒಂದು ತಿಂಗಳಂತೆ. ಆದರೆ ಅಲ್ಲಿ ಇನ್ನೊಂದು ಗುಂಡಿ ಇದೆ. 2017ರಲ್ಲಿ ಕುಟುಂಬದ ಒಬ್ಬರಿಗೆ ತಿಂಗಳಿಗೆ 100 ರಿಯಾಲ್ ಎಂದು ಶುರುವಾದ ಶುಲ್ಕ 2020ರ ಹೊತ್ತಿಗೆ 400ಕ್ಕೆ ಏರಿತು. ಹೆಂಡತಿ, ಎರಡು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ಕುಟುಂಬವನ್ನು ಊರಿಗೆ ಕಳಿಸಿದ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಯುಎಇಯಲ್ಲಿ ಕುಟುಂಬದ ವೀಸಾಕ್ಕೆ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ಮನೆ, ಇದ್ದರೆ ಸಾಕು.

ಮೇಲಿನ ಹುದ್ದೆಗಳಿಗೆ ಸ್ಥಳೀಯರನ್ನು ತೆಗೆದುಕೊಳ್ಳುವ ಒತ್ತಡವೂ ಸಣ್ಣದಲ್ಲ. ಸೌದಿಯಲ್ಲಿ 2011ರಿಂದ ನಿತಾಖಾತ್ ಇದೆ. ಯುಎಇಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪೆನಿಗಳು ಕೌಶಲದ ಹುದ್ದೆಗಳಲ್ಲಿ ವರ್ಷಕ್ಕೆ ಶೇ. 2ರಂತೆ 2026ರೊಳಗೆ ಶೇ. 10ಕ್ಕೆ ತಮ್ಮ ದೇಶದವರನ್ನು ಏರಿಸಬೇಕೆಂಬ ನಿಯಮ 2022ರಲ್ಲಿ ಬಂತು. ಹಾಗಾಗಿ ಮಧ್ಯದ ಹಂತದಲ್ಲಿ ಜನ ತುಂಬಿದ್ದಾರೆ, ಮೇಲಿನ ಬಾಗಿಲು ಸಣ್ಣದಾಗಿದೆ. ಆ ಬಾಗಿಲು ದಾಟಿದವರಲ್ಲಿ ಹೆಚ್ಚಿನವರಿಗೆ ಅರೆಬಿಕ್ ಮಾತು, ಕಸ್ಟಮ್ಸ್ ಜ್ಞಾನ, ಗೋದಾಮಿನ ಸಾಫ್ಟ್‌ವೇರ್ ಮೂರೂ ಗೊತ್ತಿರುವುದನ್ನು ನಾವು ಕಂಡಿದ್ದೇವೆ.

ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಹೋಗುವವರ ಕತೆ ಇನ್ನೂ ನಿಂತಿಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಯುಎಇ ಕಾನೂನಿನಂತೆ ನೇಮಕದ ಖರ್ಚನ್ನು ಮಾಲೀಕ ನೌಕರನಿಂದ ವಸೂಲಿ ಮಾಡುವಂತಿಲ್ಲ. ‘ಮ್ಯಾನೇಜರ್ ವೀಸಾ, ಅದಕ್ಕೆ ರೇಟು ಜಾಸ್ತಿ’ ಎಂದು ಯಾರಾದರೂ ಹೇಳಿದರೆ ಅದರ ರಸೀದಿ ಕೇಳಿ ನೋಡಿ.

ಊರಿನಲ್ಲಿ ಕೆಲಸ ಹಿಡಿಯುವವರಿಗೂ ಬೇಸಿಕ್ ಮಾತು ಈಗ ಮುಖ್ಯ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನೂ ವೇತನ ಎಂದೇ ಲೆಕ್ಕಿಸಬೇಕು. ಕೈಗೆ ಬರುವುದು ಸ್ವಲ್ಪ ಕಡಿಮೆಯಾಗಬಹುದು, ಗ್ರಾಚುಟಿ ಹೆಚ್ಚಾಗುತ್ತದೆ.

ನಮ್ಮದೇ ಸಮುದಾಯದ ಲಾರಿ ಮಾಲೀಕರಿಗೂ ಒಂದು ಮಾತು. ಇಪ್ಪತ್ತು ಮೂವತ್ತು ವರ್ಷ ಬುಕಿಂಗ್ ಆಫೀಸು ನಡೆಸಿದ ಕಾಕಂದಿರು ನಮ್ಮಲ್ಲಿದ್ದಾರೆ. ಯಾವ ಘಾಟಿಯಲ್ಲಿ ಯಾವ ಟಯರ್ ಸವೆಯುತ್ತದೆ, ಯಾವ ಪಾರ್ಟಿ ಬಾಡಿಗೆ ಉಳಿಸಿಕೊಳ್ಳುತ್ತಾನೆ, ಎಲ್ಲ ಬಾಯಿಪಾಠ. ಕೈಯಲ್ಲಿ ಮಾತ್ರ ಒಂದು ಅನುಭವ ಪತ್ರವೂ ಇಲ್ಲ, ಪಿಎಫ್ ನಂಬರೂ ಇಲ್ಲ. ಕಲಿತ ಕೆಲಸಕ್ಕೆ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಅವರ ಕೈಕೆಳಗೆ ಪಳಗಿದ ಹುಡುಗ ಮೂರನೇ ವರ್ಷಕ್ಕೆ ದುಬೈ ವಿಮಾನ ಹತ್ತುವಾಗ ‘ನಿಯತ್ತಿಲ್ಲ’ ಎನ್ನುವ ಮೊದಲು, ಅವನಿಗೆ ಕೊಡುತ್ತಿದ್ದ ಸಂಬಳದ ಚೀಟಿಯನ್ನು ಒಮ್ಮೆ ತೆಗೆದು ನೋಡಬಹುದು – ಚೀಟಿ ಅಂತ ಒಂದು ಕೊಟ್ಟಿದ್ದರೆ.